ದಸ್ತಗೀರ ಮಿಸ್ತ್ರಿ ಮತ್ತು ನಾಲ್ಕು ಬ್ಯಾಟರಿಯ ಡಬ್ಬಿ

ದಸ್ತಗೀರ ಮಿಸ್ತ್ರಿ ನಡೆಯುವಾಗ ಬಲಕ್ಕೆ ಸ್ವಲ್ಪ ವಾಲುತ್ತಿದ್ದರು. ಕಾಲಿನ ದೋಷವೇನಲ್ಲ. ಅವರ ಉದ್ದಂಗಿಯ ಬಲಜೇಬಿನಲ್ಲಿ ಯಾವಾಗಲೂ ಡ್ರಿಲ್ ಯಂತ್ರದ ಒಂದು ಬ್ಯಾಟರಿ ಇರುತ್ತಿತ್ತು. ಮುಕ್ಕಾಲು ಕಿಲೋದ ಹತ್ತಿರ ತೂಗುವ ಕರೀ ಗಡ್ಡೆ ಅದು. ಅದರ ಭಾರಕ್ಕೆ ಜೇಬು ಹರಿದು, ಅವರ ಹೆಂಡತಿ ಹುಸೇನಬಿ ಜೀನ್ಸ್ ಬಟ್ಟೆಯ ತೇಪೆ ಹಾಕಿ, ಅದೂ ಹರಿದು, ಕೊನೆಗೆ ಒಳಗೆ ಗೋಣಿತಾಟಿನ ಅಸ್ತರು ಕೊಟ್ಟು ಹೊಲಿದಿದ್ದಳು. ಎಡಗೈಯ ಚೀಲದಲ್ಲಿ ಚಾರ್ಜರ್. ಮದುವೆ ಮನೆಯಾಗಲಿ, ದವಾಖಾನೆಯಾಗಲಿ, ಮಿಸ್ತ್ರಿ ಕೂರುವ ಮೊದಲು ಗೋಡೆಯ ಬುಡ ನೋಡುತ್ತಿದ್ದರು. ಖಾಲಿ ಪ್ಲಗ್ ಕಂಡರೆ ಮನೆಯವರನ್ನು ಒಂದು ಮಾತು ಕೇಳಿ ಬ್ಯಾಟರಿ ಸಿಕ್ಕಿಸಿಬಿಡುವುದು.

"ಇದೇನು ಚಟಾರಿ ನಿಮಗ?" ಎಂದು ಒಮ್ಮೆ ಕೇಳಿದ್ದೆ.

"ದನಾ ಹೊಡಕೊಂಡ ಹೋದಾವ ಹುಲ್ಲ ಕಂಡಲ್ಲಿ ನಿಲ್ಲತಾನಿಲ್ರಿ ಅಕ್ಕೋರ? ಹಂಗ."

ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ನಾನು ಮೋರಟಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆ ಸಿಂದಗಿಯಲ್ಲಿ. ಊರ ಹೊರಗಿನ ಹೊಸ ಬಡಾವಣೆಯಲ್ಲಿ ಆ ಮನೆ ಕಟ್ಟಿಸುವಾಗಲೇ ಅವರ ಪರಿಚಯವಾದದ್ದು. ಗೋಡೆ, ಛಾವಣಿ ಮುಗಿದಿದ್ದರೂ ಕರೆಂಟಿನ ಕಂಬ ಇನ್ನೂ ನಮ್ಮ ಓಣಿಗೆ ಬಂದಿರಲಿಲ್ಲ. ಮೊದಲು ಬಂದ ಬಡಿಗ "ಕರೆಂಟ್ ಬಂದ ಮ್ಯಾಲ ಹೇಳ್ರಿ" ಎಂದು ಹೋದವನು ಹೋದನೇ. ಬಾಗಿಲಿಲ್ಲದ ಮನೆಯಲ್ಲಿ ನಾಯಿಗಳು ಸಂಸಾರ ಹೂಡಿದ್ದವು. ಯಾರೋ ದಸ್ತಗೀರ ಮಿಸ್ತ್ರಿಯ ಹೆಸರು ಹೇಳಿದರು. ಮರುದಿನವೇ ಬೈಕಿನ ಹಿಂದೆ ಹಾರ್ಮೋನಿಯಂನಷ್ಟು ದೊಡ್ಡ ಒಂದು ಡಬ್ಬಿ ಕಟ್ಟಿಕೊಂಡು ಬಂದರು.

ಐವತ್ತು ದಾಟಿದ, ತೆಳ್ಳಗಿನ, ನರೆತ ಗಡ್ಡದ ಮನುಷ್ಯ. ಕಿವಿಯ ಮೇಲೆ ಚಪ್ಪಟೆ ಪೆನ್ಸಿಲ್. ಡಬ್ಬಿಯ ಮೇಲ್ಭಾಗದಲ್ಲಿ ನಾಲ್ಕು ಗೂಡುಗಳಿದ್ದವು. ಡ್ರಿಲ್ಲಿಗೆ, ಗರಗಸಕ್ಕೆ ಹಾಕುವ ಅವೇ ಬ್ಯಾಟರಿಗಳನ್ನು ಒಂದೊಂದಾಗಿ ಅಲ್ಲಿ ಸರಿಸಿದರು. ಟಕ್, ಟಕ್, ಟಕ್, ಟಕ್. ಪ್ರತಿ ಬ್ಯಾಟರಿಯ ಮೇಲೂ, ಗುಂಡಿ ಒತ್ತಿದರೆ ಎಷ್ಟು ಚಾರ್ಜ್ ಉಳಿದಿದೆ ಎಂದು ತೋರಿಸುವ ನಾಲ್ಕು ಪುಟ್ಟ ದೀಪ. ಮುಂದೆ ನಮ್ಮ ಗೋಡೆಯಲ್ಲಿರುವಂಥದೇ ಪ್ಲಗ್ಗು. ಅದಕ್ಕೆ ಒಂದು ಟೇಬಲ್ ಫ್ಯಾನ್ ಸಿಕ್ಕಿಸಿ ನನ್ನ ಕಡೆ ತಿರುಗಿಸಿ, "ಕುಂದರ್ರಿ" ಎಂದರು.

"ಇದು ಇನ್ವರ್ಟರ್ ಏನ್ರಿ?"

"ಅದರ ತಮ್ಮ ಅನ್ರಿ. ಇನ್ವರ್ಟರ್ ಬ್ಯಾಟರಿ ಇದ್ದಲ್ಲೇ ಕುಂದರತೈತಿ. ಇವು ಹಂಗಲ್ಲ. ದುಡಿಯೂ ಹೊತ್ತಿನ್ಯಾಗ ಡ್ರಿಲ್ಲಿಗಿ ಹೋಗತಾವ, ಊಟದ ಹೊತ್ತಿನ್ಯಾಗ ಇಲ್ಲಿ ಬಂದು ಫ್ಯಾನ್ ತಿರಗಸ್ತಾವ. ಅವ ಎತ್ತು, ಗಳೇನೂ ಹೊಡೀತಾವ, ಬಂಡಿನೂ ಎಳೀತಾವ."

ಆ ಡಬ್ಬಿಯನ್ನು ಅವರ ಮೈದುನ ಪುಣೆಯಿಂದ ತಂದುಕೊಟ್ಟಿದ್ದನಂತೆ. ನಾನು ವಿಜ್ಞಾನದ ಟೀಚರ್ ಎಂದು ತಿಳಿದ ಕ್ಷಣ ಮಿಸ್ತ್ರಿಯ ಮುಖ ಅರಳಿತು. ಬಾಗಿಲ ಚೌಕಟ್ಟು ಬಿಟ್ಟು ನನ್ನ ಎದುರು ಕುಕ್ಕರಗಾಲಲ್ಲಿ ಕುಳಿತರು. ಏಳನೆಯ ತರಗತಿಗೆ ಸಾಲಿ ಬಿಟ್ಟ ಆ ಮನುಷ್ಯ ಬಹಳ ದಿನದಿಂದ ಒಂದು ಪ್ರಶ್ನೆ ಹೊತ್ತು ತಿರುಗುತ್ತಿದ್ದರು.

"ಅಕ್ಕೋರ, ಒಂದು ಕಂಪನಿಯಾವ ಬ್ಯಾಟರಿ ಮ್ಯಾಲ ಹದಿನೆಂಟು ವೋಲ್ಟ್ ಅಂತ ಬರದಾನ. ಇನ್ನೊಬ್ಬ ಇಪ್ಪತ್ತು ಅಂತ ಬರದಾನ. ಎರಡೂ ಬಿಚ್ಚಿ ನೋಡೇನಿ. ಒಳಗ ಅವ ಸೆಲ್ಲು, ಐದೈದರ ಸಾಲು. ಹಂಗಾದ್ರ ಸುಳ್ಳು ಹೇಳಾವ ಯಾರು?"

ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ವಿದ್ಯುತ್ತಿನ ಪಾಠ ಮಾಡುತ್ತಿರುವವಳಿಗೆ ಬಡಿಗನೊಬ್ಬನ ಮುಂದೆ ಹಾಗೆನ್ನಲು ನಾಲಿಗೆ ಏಳಲಿಲ್ಲ. "ನಾಳೆ ಹೇಳತೇನಿ" ಎಂದು ಜಾರಿಕೊಂಡು, ಮನೆಗೆ ಹೋಗಿ ಹುಡುಕಿ ಓದಿದೆ. ಮರುದಿನ ಹೇಳಿದೆ: ಪೂರ್ತಿ ಚಾರ್ಜ್ ಆದಾಗ ಒಂದು ಸೆಲ್ಲು ನಾಲ್ಕು ವೋಲ್ಟಿಗಿಂತ ತುಸು ಹೆಚ್ಚಿರುತ್ತದೆ, ಐದು ಸೇರಿದರೆ ಇಪ್ಪತ್ತರ ಮೇಲೆ. ಕೆಲಸಕ್ಕೆ ಹಚ್ಚಿದ ಮೇಲೆ ಇಳಿದು ಮೂರೂವರೆಗಿಂತ ತುಸು ಮೇಲೆ ನಿಲ್ಲುತ್ತದೆ, ಐದು ಸೇರಿದರೆ ಹದಿನೆಂಟು. ಇಬ್ಬರೂ ಸುಳ್ಳರಲ್ಲ, ಅಳೆದ ಹೊತ್ತು ಬೇರೆ.

ಮಿಸ್ತ್ರಿ ತೊಡೆ ತಟ್ಟಿ ನಕ್ಕರು. "ಅಂದ್ರ ಒಬ್ಬಾವ ಊಟಾ ಆದ ಮ್ಯಾಲ ತೂಕಾ ಮಾಡ್ಯಾನ, ಇನ್ನೊಬ್ಬಾವ ಹೊಲದಾಗ ದುಡಿಯೂ ಮುಂದ ಮಾಡ್ಯಾನ ಅನ್ರಿ!"

ಅವರಿಗೆ ಎಲ್ಲವೂ ಊಟದ ಲೆಕ್ಕ. ಯಾವ ಯಂತ್ರ ಕಂಡರೂ ಬೋರಲು ಹಾಕಿ, ಹಿಂದಿನ ಚೀಟಿ ಓದಿ, "ಇದರ ಹೊಟ್ಟಿ ಎಷ್ಟೈತಿ?" ಎನ್ನುವರು. ತಮ್ಮ ಅಕ್ಕನ ಮಗಳ ಮದುವೆಯಲ್ಲಿ ಉಡುಗೊರೆಯಾಗಿ ಬಂದಿದ್ದ ಮಿಕ್ಸರನ್ನು ಹಂದರದಲ್ಲೇ ತಲೆಕೆಳಗು ಮಾಡಿ ನೋಡುತ್ತ ಕೂತು ಬೀಗರಿಂದ ಮಾತು ಕೇಳಿಸಿಕೊಂಡಿದ್ದರಂತೆ. ನಮ್ಮ ಮನೆಯ ಬಾಗಿಲು ಕೂರಿಸಿದ ದಿನ, ಬಾಡಿಗೆ ಮನೆಯಲ್ಲಿದ್ದ ನನ್ನ ಸಾಮಾನುಗಳನ್ನೆಲ್ಲ ತರಿಸಿ ಡಬ್ಬಿಗೆ ಹಚ್ಚಿ ನೋಡಿದರು. ಟಿ.ವಿ. ನಡೆಯಿತು. ಹೊಲಿಗೆ ಯಂತ್ರ ನಡೆಯಿತು. ಮಿಕ್ಸರ್ ಒಮ್ಮೆ ಗುರ್ ಎಂದದ್ದೇ ಡಬ್ಬಿ ಪೀಂಯ್ ಎಂದು ಕೂಗಿ ಬಾಯಿ ಮುಚ್ಚಿತು. ಇಸ್ತ್ರಿ ಪೆಟ್ಟಿಗೆಗಂತೂ ಅದು ಅಷ್ಟು ಹೊತ್ತೂ ಕಾಯಲಿಲ್ಲ.

"ರಾಕ್ಷಸ ನೋಡ್ರಿ ಇದು," ಎಂದು ಇಸ್ತ್ರಿಯನ್ನು ಗೌರವದಿಂದ ದೂರ ಇಟ್ಟರು.

ಇನ್ನೊಂದು ದಿನ ಬೆಳಗ್ಗೆ ಬಂದವರೇ ಡಬ್ಬಿಯನ್ನು ನನ್ನ ಮುಂದಿಟ್ಟು, "ರಾತ್ರಿ ಬಂದ್ ಮಾಡೂದು ಮರತಿದ್ದೆ. ಏನೂ ಹಚ್ಚಿಲ್ಲ, ಮುಂಜಾನೆ ನೋಡಿದ್ರ ನಾಕರಾಗ ಎರಡು ದೀಪಾ ಹೋಗ್ಯಾವ. ತಾನ ಉಂಡೈತಿ! ಬುತ್ತಿ ಕಾಯಾಕ ಕುಂದರಿಸಿದಾವ ಬುತ್ತಿ ತಿಂದಂಗ ಆತಿದು," ಎಂದರು. ಸಿಟ್ಟಿಗಿಂತ ಖುಷಿಯೇ ಹೆಚ್ಚಿತ್ತು. ಹೊಸದೊಂದು ತಿಳಿಯಿತಲ್ಲ ಎಂದು.

ನಾನು ತಪ್ಪು ಹೇಳಿದ್ದೂ ಉಂಟು. ನಾಲ್ಕೂ ಬ್ಯಾಟರಿ ಸಮವಾಗಿ ಖಾಲಿಯಾಗುತ್ತವೆ ಎಂದು ಒಮ್ಮೆ ಗತ್ತಿನಿಂದ ಹೇಳಿಬಿಟ್ಟೆ. ಅವರು ವಾರವಿಡೀ ಪರೀಕ್ಷೆ ಮಾಡಿ ಬಂದು, ತೀರ ಮೆತ್ತಗೆ, "ನೀವು ಹೇಳಿದ್ದು ಪುಸ್ತಕದಾಗ ಖರೇ ಇರಬೇಕ್ರಿ ಅಕ್ಕೋರ. ನಮ್ಮ ಡಬ್ಬಿ ಪುಸ್ತಕಾ ಓದಿಲ್ಲ. ಹಳೇ ಬ್ಯಾಟರಿ ಮದಲ ದಣೀತೈತಿ," ಎಂದರು. ಆ ದಿನದಿಂದ ತರಗತಿಯಲ್ಲಿ ಮಕ್ಕಳು ಕೇಳಿದ್ದು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುವುದನ್ನು ರೂಢಿ ಮಾಡಿಕೊಂಡೆ.

ಮರುವರ್ಷ ಭೀಮಾ ನದಿ ಉಕ್ಕಿತು. ಆಲಮೇಲದ ಆಚೆ, ನದಿಯ ಕಡೆಗಿರುವ ಒಂದು ಸಣ್ಣ ಊರಿನ ಶಾಲೆಯಲ್ಲಿ ನೆರೆಗೆ ಮನೆ ಬಿಟ್ಟವರಿಗಾಗಿ ಕಾಳಜಿ ಕೇಂದ್ರ ತೆರೆದು ನನ್ನನ್ನು ಅಲ್ಲಿಗೆ ಹಾಕಿದರು. ಶಾಲೆ ದಿಬ್ಬದ ಮೇಲಿತ್ತು. ನಾನು ಮುಟ್ಟಿದ ಸ್ವಲ್ಪ ಹೊತ್ತಿಗೇ ಊರಿಗೂ ಆಲಮೇಲಕ್ಕೂ ನಡುವಿನ ಹಳ್ಳ ಸೇತುವೆಯ ಮೇಲೆ ಹರಿಯತೊಡಗಿತು. ಊರಿನ ಟ್ರಾನ್ಸ್‌ಫಾರ್ಮರ್ ನೀರಿನಲ್ಲಿ ನಿಂತದ್ದರಿಂದ ಕರೆಂಟನ್ನೂ ತೆಗೆದರು. ನೂರಾರು ಜನ, ಆರು ಕೋಣೆ. ವರಾಂಡದಲ್ಲಿ ನೋಡಿದರೆ ದಸ್ತಗೀರ ಮಿಸ್ತ್ರಿ! ಅದೇ ಊರಿನಲ್ಲಿ ಒಂದು ಮನೆಗೆ ಕಿಟಕಿ ಕೂರಿಸಲು ಬಂದು ಸಿಕ್ಕಿಬಿದ್ದಿದ್ದರು. ಜೊತೆಗೆ ಡಬ್ಬಿ, ಆರು ಬ್ಯಾಟರಿ.

ಮೂಲೆಯ ಕೋಣೆಯಲ್ಲಿ ಗಂಗವ್ವ ಎಂಬ ಮುದುಕಿ ಬೆಂಚಿಗೆ ಎದೆಯೊತ್ತಿ ಕುಳಿತಿದ್ದಳು. ಉಬ್ಬಸ. ಮಳೆಯಲ್ಲಿ ತೊಯ್ದು ಬಂದದ್ದರಿಂದ ಉಸಿರು ಸಿಳ್ಳೆ ಹಾಕುತ್ತಿತ್ತು. ಸೊಸೆ ನೀಲವ್ವ ಮನೆ ಬಿಡುವಾಗ ಬಂಗಾರ ಬಿಟ್ಟು ಎರಡು ವಸ್ತು ತಂದಿದ್ದಳು: ಅತ್ತೆಯ ಔಷಧಿ, ಮತ್ತು ಆ ಔಷಧಿಯನ್ನು ಹಬೆಯಂತೆ ಮಾಡಿ ಮೂಗಿಗೆ ಕೊಡುವ ಯಂತ್ರ. ಯಂತ್ರಕ್ಕೆ ಕರೆಂಟ್ ಬೇಕು. ಮಿಸ್ತ್ರಿ ಅದನ್ನು ಬೋರಲು ಹಾಕಿ ಚೀಟಿ ಓದಿದರು.

"ಹೊಟ್ಟಿ ಸಣ್ಣದೈತಿ. ನಡೀತೈತಿ."

ಯಂತ್ರ ಗುಂಯ್ ಎಂದಿತು. ಬಿಳೀ ಹಬೆ ಬಂತು. ಹತ್ತು ನಿಮಿಷದಲ್ಲಿ ಗಂಗವ್ವನ ಭುಜ ಇಳಿಯಿತು. ಕಣ್ಣು ತೆರೆದು, "ಯಾರ ಮಗಾಪಾ ನೀ?" ಎಂದಳು.

"ನಿಂದ ಅನಕೋ ಯವ್ವಾ," ಎಂದರು ಮಿಸ್ತ್ರಿ.

ಸುದ್ದಿ ಹಬ್ಬಿದ್ದೇ ಮೊಬೈಲುಗಳು ಸಾಲುಗಟ್ಟಿದವು. ಎಲ್ಲರಿಗಿಂತ ಮುಂದೆ ನನ್ನದು. ಎರಡು ತಾಸಿಗೊಮ್ಮೆ ಊಟ ಬಡಿಸುವ ಫೋಟೋ, ಜನರ ಸಂಖ್ಯೆ ಮೇಲಿನವರಿಗೆ ಕಳಿಸಬೇಕಿತ್ತು. ನನ್ನ ಫೋನ್ ಸಾಯುವ ಹಂತದಲ್ಲಿತ್ತು. ಪರಿಚಯದ ಸಲಿಗೆಯಿಂದ ವೈರು ಚಾಚಿದೆ.

"ಇಲ್ರಿ ಅಕ್ಕೋರ," ಎಂದರು.

ಚೇಷ್ಟೆ ಎಂದುಕೊಂಡೆ. ಅಲ್ಲ. "ಇದು ಸರ್ಕಾರಿ ಕೆಲಸ ಐತ್ರಿ," ಎಂದೆ, ದನಿ ಏರಿಸಿ.

"ಹೌದ್ರಿ. ಡಬ್ಬಿ ಸರ್ಕಾರದ್ದಲ್ಲ. ಇವತ್ತಿನ ಮಟ್ಟಿಗಿ ನಂದೂ ಅಲ್ಲ, ಈ ಅವ್ವಂದು." ಆಮೇಲೆ ಮೆತ್ತಗೆ, "ನಿಮಗ ಹೂಂ ಅಂದ್ರ ಉಳದ ಮಂದಿಗಿ ಒಲ್ಲೆ ಅನ್ನಾಕ ನನಗ ಬಾಯಿ ಇರಂಗಿಲ್ರಿ. ಹಳ್ಳ ಎಂದ ಇಳೀತೈತೋ ಯಾರಿಗಿ ಗೊತ್ತು? ನಿಮ್ಮ ಸಾಹೇಬ್ರು ಒಂದಿನ ಫೋಟೋ ಇಲ್ಲದ ಇರತಾರ," ಎಂದರು.

ಸುತ್ತ ನಿಂತಿದ್ದ ಜನರ ಮುಂದೆ ಮುಖಭಂಗವಾಯಿತು. ನಾನು ಅವರೊಡನೆ ಮಾತು ಬಿಟ್ಟು ಅಡಿಗೆಯ ಕಡೆ ಹೋದೆ. ಸಂಜೆಯೊಳಗೆ ಮಿಸ್ತ್ರಿಯೇ ದಾರಿ ಹುಡುಕಿದ್ದರು. ಒಬ್ಬ ಕುರಿಗಾಹಿಯ ಬಳಿ ಗುಂಡಿಯ ಹಳೇ ಫೋನಿತ್ತು. "ಇದು ಹಕ್ಕಿ ಉಂಡಂಗ ಉಣ್ಣತೈತಿ" ಎಂದು ಅದೊಂದನ್ನೇ ಚಾರ್ಜ್ ಮಾಡಿದರು. ಬೇಕಾದವರು ತಮ್ಮ ಸಿಮ್ ಹಾಕಿ, ಎರಡು ಮಾತಾಡಿ, ತೆಗೆದುಕೊಳ್ಳಬೇಕು. ನಾನೂ ಸಾಲಿನಲ್ಲಿ ನಿಂತೆ. ನನ್ನ ಮೇಲಿನವರಿಗೆ ಸಂಖ್ಯೆಯನ್ನು ಬಾಯಲ್ಲೇ ಹೇಳಿದೆ. ಅವರು ಬೇಸರವೇನೂ ಮಾಡಿಕೊಳ್ಳಲಿಲ್ಲ.

ಆಲಮೇಲದ ಡಾಕ್ಟರು ಅದೇ ಫೋನಿನಲ್ಲಿ, ಉಸಿರು ಕಟ್ಟಿದರೆ ಎರಡು ತಾಸಿಗೊಮ್ಮೆ ಹಬೆ ಕೊಡಿ, ಹಳ್ಳ ಇಳಿದ ಕೂಡಲೇ ದವಾಖಾನೆಗೆ ತನ್ನಿ ಎಂದಿದ್ದರು. ಎರಡನೆಯ ದಿನ ಬೆಳಗ್ಗೆ ಲೆಕ್ಕ ಹಾಕಿದರೆ ಆರರಲ್ಲಿ ನಾಲ್ಕು ಬ್ಯಾಟರಿ ಮುಗಿದಿದ್ದವು. ಹಳ್ಳ ಇಳಿದಿರಲಿಲ್ಲ. ಎರಡೂ ದಂಡೆಯ ಹುಡುಗರು ಬೇವಿನ ಮರದಿಂದ ಮರಕ್ಕೆ ಹಗ್ಗ ಕಟ್ಟಿ, ಮುಚ್ಚಳವಿದ್ದ ಬಣ್ಣದ ಬಕೆಟ್ಟಿನಲ್ಲಿ ಬ್ರೆಡ್ಡು, ಹಾಲಿನ ಪುಡಿ ಎಳೆದುಕೊಳ್ಳುತ್ತಿದ್ದರು. ಮಿಸ್ತ್ರಿ ಆ ಬಕೆಟ್ಟನ್ನೇ ನೋಡುತ್ತ ನಿಂತು, ತಟ್ಟನೆ ಕುರಿಗಾಹಿಯ ಫೋನಿಗೆ ತಮ್ಮ ಸಿಮ್ ಹಾಕಿದರು.

ಇಂಡಿಯಲ್ಲಿ ಅಲ್ಯೂಮಿನಿಯಂ ಕಿಟಕಿ ಮಾಡುವ ರಫೀಕ, ಮುದ್ದೇಬಿಹಾಳದ ಬಡಿಗೇರ ಈರಣ್ಣ, ಬಸವನ ಬಾಗೇವಾಡಿಯ ಪ್ಲಂಬರ್ ಸಂಗಮೇಶ. ಮೂವರಿಗೂ ಒಂದೇ ಮಾತು: "ನಿನ್ನ ಡ್ರಿಲ್ಲಿನ ಬ್ಯಾಟರಿ ಪೂರಾ ತುಂಬಿಸಿ ಸಿಂದಗಿ ಬಸ್ಸಿನ ಕಂಡಕ್ಟರ್ ಕೈಯಾಗ ಕೊಡು. ಒಂದು ಜೀವದ ಕೆಲಸ ಐತಿ." ಕೆಲಸ ನಿಂತರೆ ಆ ದಿನದ ದುಡಿಮೆ ನಿಂತಂತೆ. ಯಾರೂ ಯಾಕೆ ಎನ್ನಲಿಲ್ಲ. ಸಿಂದಗಿಯಿಂದ ಹಳ್ಳದ ದಂಡೆಗೆ ಬೈಕಿನಲ್ಲಿ ತಲುಪಿಸುವ ವ್ಯವಸ್ಥೆಯೂ ಆಯಿತು.

ಮಧ್ಯಾಹ್ನ ಮತ್ತೆ ಮಳೆ ಹಿಡಿಯಿತು. ಗಂಗವ್ವನ ಉಸಿರು ಕೆಟ್ಟಿತು. ತುಟಿ ಕಪ್ಪಿಟ್ಟಿತು. ಡಬ್ಬಿಯಲ್ಲಿ ಕೊನೆಯ ಬ್ಯಾಟರಿಯ ಒಂದೇ ದೀಪ ಉಳಿದಿತ್ತು. ಆಗ ಬಕೆಟ್ ಬಂತು. ಪ್ಲಾಸ್ಟಿಕ್ ಬಿಚ್ಚಿದರೆ ಒಂದೇ ಬ್ಯಾಟರಿ, ಮೇಲೆ ಮಾರ್ಕರಿನಲ್ಲಿ "ಸಂಗಮೇಶ ಬಾಗೇವಾಡಿ". ಮಿಸ್ತ್ರಿ ಗೂಡಿಗೆ ಸರಿಸಿದರು. ಕೂರಲಿಲ್ಲ. ತಿರುಗಿಸಿದರು. ಕೂರಲಿಲ್ಲ. ಬೇರೆ ಕಂಪನಿಯದು, ಮೂತಿ ಬೇರೆ.

ನೀಲವ್ವ ಅಳತೊಡಗಿದಳು. ಸುತ್ತ ನಿಂತವರು, "ಬಿಚ್ಚಿ ತಂತಿ ಕಟ್ಟು ಮಿಸ್ತ್ರಿ, ನಿನಗ ಬರತೈತಲ್ಲ!" ಎಂದು ಒತ್ತಾಯಿಸಿದರು. ನಾನೂ ಸುಮ್ಮನಿರಲಿಲ್ಲ. "ವೋಲ್ಟ್ ಒಂದ ಐತಿ. ತಂತಿ ಕೂಡಿಸಿದ್ರ ನಡೀಬೇಕ್ರಿ," ಎಂದೆ.

ಅವರು ಆ ಬ್ಯಾಟರಿಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಸಿಕ್ಕಿದ್ದನ್ನೆಲ್ಲ ಬಿಚ್ಚಿ ನೋಡುವ ಮನುಷ್ಯ. ಬೆರಳು ಸ್ಕ್ರೂಗಳ ಮೇಲೆ ಆಡುತ್ತಿತ್ತು. ಕೊನೆಗೆ ಕೆಳಗಿಟ್ಟರು.

"ನಡೀಬೇಕು ಅನ್ನೂದು ಬ್ಯಾರೆ, ನಡೀತೈತಿ ಅನ್ನೂದು ಬ್ಯಾರೆ ಅಕ್ಕೋರ. ನನ್ನ ಮನ್ಯಾಗ ಆಗಿದ್ರ ಬಿಚ್ಚತಿದ್ದೆ. ಡಬ್ಬಿ ಸುಟ್ಟರ ಇರೂದೂ ಹೋಗತೈತಿ. ಅವ್ವನ ಉಸರಿನ ಮ್ಯಾಲ ನಾ ಕಲಿಯಂಗಿಲ್ಲ."

ಉಳಿದ ಒಂದು ದೀಪದಲ್ಲಿ ಯಂತ್ರ ಆರು ನಿಮಿಷ ನಡೆಯಿತು. ಪೀಂಯ್ ಎಂದು ನಿಂತಿತು. ಆಮೇಲಿನ ಮುಕ್ಕಾಲು ತಾಸು ನಾವು ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಿಸ್ತ್ರಿ ಗಂಗವ್ವನ ಹಿಂದೆ ಕೂತು ತಮ್ಮ ಬೆನ್ನನ್ನೇ ಆಕೆಗೆ ಒರಗು ಮಾಡಿಕೊಟ್ಟಿದ್ದರು. ಅವರ ಕಣ್ಣು ಬಾಗಿಲಲ್ಲಿತ್ತು. ಅವರು ತಪ್ಪು ಮಾಡಿದರೇನೋ ಎಂದು ನನಗನ್ನಿಸತೊಡಗಿತ್ತು. ಅವರಿಗೂ ಅನ್ನಿಸಿರಬೇಕು.

ಹಳ್ಳದ ಕಡೆಯಿಂದ ಕೂಗು ಕೇಳಿತು. ಹುಡುಗಿಯೊಬ್ಬಳು ಬಕೆಟ್ಟನ್ನು ತಲೆಯ ಮೇಲಿಟ್ಟುಕೊಂಡು ಓಡಿ ಬಂದಳು. ಇಂಡಿಯ ರಫೀಕನವು ಮೂರು, ಮುದ್ದೇಬಿಹಾಳದ ಈರಣ್ಣನವು ಎರಡು. ಟಕ್ ಎಂದು ಮೊದಲನೆಯದು ಕೂತಿತು. ಯಂತ್ರ ಗುಂಯ್ ಎಂದಿತು. ನೀಲವ್ವ ಅತ್ತೆಯ ಕೈ ಹಿಡಿದುಕೊಂಡಳು, ನಾನು ಮೂಗಿಗೆ ಹಬೆ ಹಿಡಿದೆ. ಮಿಸ್ತ್ರಿ ಎದ್ದು ಹೊರಗೆ ಹೋಗಿ, ಮಳೆಯಲ್ಲೇ ನಿಂತು, ಮುಖ ತೊಳೆದುಕೊಂಡು ಬಂದರು.

ಮೂರನೆಯ ದಿನ ಹಳ್ಳ ಇಳಿಯಿತು. ಟ್ರ್ಯಾಕ್ಟರಿನಲ್ಲಿ ಗಂಗವ್ವನನ್ನು ದವಾಖಾನೆಗೆ ಸಾಗಿಸಿದರು. ವಾರದಲ್ಲಿ ಬೈಯುತ್ತ, ಕೆಮ್ಮುತ್ತ ಮನೆಗೆ ಬಂದಳು.

ಬ್ಯಾಟರಿಗಳನ್ನು ವಾಪಸ್ ಕೊಡಲು ಮಿಸ್ತ್ರಿ ತಾವೇ ಊರೂರು ತಿರುಗಿದರು. ಬಾಗೇವಾಡಿ ನನ್ನ ತವರು, ಹಾಗಾಗಿ ಅಲ್ಲಿಗೆ ನಾನೂ ಅದೇ ಬಸ್ಸಿನಲ್ಲಿ ಹೋದೆ. ಸಂಗಮೇಶನ ಅಂಗಡಿಯಲ್ಲಿ ಬ್ಯಾಟರಿ ಕೊಟ್ಟರು. ಆತ ಗುಂಡಿ ಒತ್ತಿ ನೋಡಿ, "ಪೂರಾ ತುಂಬೈತಲ್ಲ ಕಾಕಾ? ಇದು ನಿಮಗ ಉಪಯೋಗನ ಆಗಿಲ್ಲ ಅಂದ್ರಿ. ಇಷ್ಟು ದಿನಾ ಇಟ್ಟಲ್ಲೇ ಒಂದು ದೀಪಾ ಇಳದಿರಬೇಕಿತ್ತು," ಎಂದ.

"ಇಳದಿತ್ತು. ಸಿಂದಗ್ಯಾಗ ಒಬ್ಬರ ಚಾರ್ಜರ್ ಕೇಳಿ ತುಂಬಸೇನಿ. ಮಂದಿ ಪಾತ್ರಿ ಖಾಲಿ ವಾಪಸ್ ಕೊಡತಾರೇನೋ ತಮ್ಮಾ?"

ಅಷ್ಟು ಹೇಳಿ, ಅಂಗಡಿಯ ಕಟ್ಟೆಯ ಮೇಲೆ ಕಾಲು ಮಡಚಿ ಕೂತು, "ಅವ್ವ ಮನಿಗಿ ಬಂದಳು. ಈಗ ಇದನ್ನ ಬಿಚ್ಚೂಣಲ್ಲ?" ಎಂದರು. ಸಂಗಮೇಶ ನಗುತ್ತ ಸ್ಕ್ರೂಡ್ರೈವರ್ ತಂದ. ಇಬ್ಬರೂ ಚಹಾ ಆರಲು ಬಿಟ್ಟು ಎರಡು ತಾಸು ಅದರೊಳಗೆ ಇಣುಕಿದರು. ನಾನು ತವರುಮನೆಗೆ ಹೋಗಿ ಉಂಡು ಬಂದರೂ ಅಲ್ಲೇ ಇದ್ದರು. ನನ್ನನ್ನು ಕಂಡವರೇ, "ಇಲ್ನೋಡ್ರಿ ಅಕ್ಕೋರ, ಇದಕ್ಕ ಇನ್ನೊಂದು ಸಣ್ಣ ಬಾಯಿ ಐತಿ. ಒಳಗ ಬಿಸಿ ಹೆಚ್ಚಾದ್ರ ಹೇಳಾಕ. ಅವತ್ತ ಬರೇ ಎರಡು ತಂತಿ ಕಟ್ಟಿದ್ರ ಇದರ ಮಾತು ಕೇಳಾವ್ರು ಯಾರಿದ್ರು?" ಎಂದರು. ತಾವು ಸರಿಯಿದ್ದೆವು ಎಂಬ ಜಂಬ ಆ ದನಿಯಲ್ಲಿರಲಿಲ್ಲ. ಇಷ್ಟು ದಿನ ಎದೆಯಲ್ಲಿದ್ದ ಕಲ್ಲೊಂದು ಇಳಿದಂತಿತ್ತು.

ಕಳೆದ ವರ್ಷ ಅವರು ಊರು ಬಿಟ್ಟರು. ಮಗಳನ್ನು ಕೊಂಕಣದ ಕಡೆ ಕೊಟ್ಟಿದ್ದರು. ಅಳಿಯನಿಗೆ ಮೀನುಗಾರರ ದೋಣಿ ರಿಪೇರಿಯ ಕೆಲಸ. ಮೊದಲು ಒಂದು ತಿಂಗಳು ಇದ್ದು ಬರುತ್ತೇವೆ ಎಂದರು. ಹುಸೇನಬಿ ಮನೆಯ ಕೋಳಿಗಳನ್ನು ಓಣಿಯವರಿಗೆ ಹಂಚಿದಾಗ ಇದು ತಿಂಗಳ ಮಾತಲ್ಲ ಎಂದು ನನಗೆ ತಿಳಿಯಿತು. ಅವರು ಕೊಂಕಣಕ್ಕೆಂದು ಸೊಲ್ಲಾಪುರದ ರೈಲು ಹತ್ತುವ ದಿನ ನಾನು ತರಬೇತಿಗೆಂದು ಇಂಡಿಯಲ್ಲಿದ್ದೆ. ಇಂಡಿ ರೋಡ್ ಸ್ಟೇಷನ್ನಿಗೆ ಹೋದೆ.

"ಸಮುದ್ರ ನೋಡಿಲ್ರಿ ನಾ," ಎಂದರು. "ಈಗ ಬ್ಯಾಟರಿ ಮ್ಯಾಲ ನಡಿಯೂ ದೋಣಿ ಬಂದಾವಂತ. ಉಪ್ಪನೀರಾಗ ಅದನ್ನ ಹ್ಯಾಂಗ ಇಟ್ಟಾರ, ನೋಡಬೇಕು."

"ಇವರಿಗಿ ಮಗಳನ್ನ ನೋಡೂದಕ್ಕಿಂತ ಅದರದ್ದ ಅವಸರಾ," ಎಂದಳು ಹುಸೇನಬಿ.

ರೈಲು ಬಂತು. ಸಾಮಾನು ಏರಿಸಿ, ಕಿಟಕಿಯ ಪಕ್ಕ ಕೂತು, ಸರಳಿಗೆ ಮುಖ ಹಚ್ಚಿ ಮಿಸ್ತ್ರಿ ಕೇಳಿದರು: "ಒಂದು ಉಳದೈತ್ರಿ ಅಕ್ಕೋರ. ಬ್ಯಾಟರಿ ಪೂರಾ ಸತ್ತು ಡಬ್ಬಿ ಬಂದ್ ಆಗತೈತಿ. ತಗದು ಇಟ್ಟು ಒಂದು ತಾಸು ಬಿಟ್ಟು ಗುಂಡಿ ಒತ್ತಿದ್ರ ಒಂದು ದೀಪಾ ಹತ್ತತೈತಿ. ಯಾರೂ ತುಂಬಿಲ್ಲ. ಅದು ಎಲ್ಲಿಂದ ಬಂತು?"

"ದಣಿವು ಆರಸಿಕೊಂಡಿರತೈತ್ರಿ."

"ಅದು ನನ್ನ ಮಾತಾತು. ನಿಮ್ಮ ಮಾತು ಹೇಳ್ರಿ. ದಣಿವು ಆರೂದಂದ್ರ ಒಳಗ ಏನ ಆಗತೈತಿ?"

ರೈಲು ಜಗ್ಗಿತು. ನಾನು ಜೊತೆಜೊತೆಗೆ ನಡೆಯುತ್ತ, ಆಮೇಲೆ ಸೀರೆ ಎತ್ತಿಕೊಂಡು ಓಡುತ್ತ, ಕೂಗಿ ಹೇಳಿದೆ: ದುಡಿಯುವಾಗ ಅಂಚಿನಲ್ಲಿರುವುದು ಮೊದಲು ಮುಗಿಯುತ್ತದೆ, ನಡುವೆ ಉಳಿದದ್ದು ನಿಧಾನವಾಗಿ ಸರಿದು ಅಂಚಿಗೆ ಬರಲು ಹೊತ್ತು ಬೇಕು. ಅವರು ಕಿವಿಗೆ ಕೈ ಹಚ್ಚಿದರು. ಮತ್ತೆ ಕೂಗಿದೆ. ಪ್ಲಾಟ್‌ಫಾರ್ಮಿನ ಜನ ನನ್ನನ್ನೇ ನೋಡುತ್ತಿದ್ದರು. ಮಿಸ್ತ್ರಿ ಕೇಳಿಸಲಿಲ್ಲ ಎಂಬಂತೆ ತಲೆಯಾಡಿಸಿ ನಕ್ಕು, ಕೈಯಲ್ಲಿ ಬರೆಯುವ ಸನ್ನೆ ಮಾಡಿದರು. ಬರೆದು ಕಳಿಸ್ರಿ ಎಂದು.

ಅವರ ನಂಬರ್ ಸ್ವಲ್ಪ ದಿನ ಹತ್ತುತ್ತಿತ್ತು. ಈಗ ಆ ನಂಬರೇ ಇಲ್ಲ ಎನ್ನುತ್ತದೆ. ನಾನು ಸ್ಟೇಷನ್ನಿನಲ್ಲಿ ಕೂಗಿದ್ದು ಅರ್ಧ ಮಾತ್ರ ಸರಿ ಎಂದು ಆಮೇಲೆ ಓದಿ ತಿಳಿಯಿತು. ಆ ದೀಪಗಳು ಉಳಿದದ್ದೆಷ್ಟು ಎಂದು ಎಣಿಸುವುದೇ ಇಲ್ಲವಂತೆ, ಆ ಕ್ಷಣದ ವೋಲ್ಟನ್ನಷ್ಟೇ ನೋಡಿ ಅಂದಾಜು ಹೇಳುತ್ತವಂತೆ. ಎರಡನ್ನೂ ಸೇರಿಸಿ, ಚಿತ್ರ ಬಿಡಿಸಿ, ಒಂದೂವರೆ ಪುಟ ಬರೆದಿದ್ದೇನೆ. ಲಕೋಟೆಯ ಮೇಲೆ ಹೆಸರು ಬರೆದಾಗಿದೆ. ಊರಿನ ಜಾಗ ಖಾಲಿ ಇದೆ.